ಒಂದಳತೆ ದೊಡ್ಡ ತಂಬೂರಿ

ಎಂಬತ್ತಾರು ಎಂಬತ್ತೇಳರ ಮಾತು. ಮಸ್ಕಿಯ ಬಜಾರದಲ್ಲಿ ದರ್ಜಿ ಆದೆಪ್ಪನ ಬಳಿ ಬಟ್ಟೆ ಹೊಲಿಸಿಕೊಂಡ ಮಕ್ಕಳೆಲ್ಲ ಮೊದಲ ವರ್ಷ ಅಂಗಿಯ ತೋಳು ಮಡಚಿಕೊಂಡೇ ಓಡಾಡಬೇಕಿತ್ತು. ಬೆಳೆಯುವ ಮಕ್ಕಳಿಗೆ ಮೈಯಳತೆಗೆ ಸರಿಯಾಗಿ ಹೊಲಿಯುವುದು ಅವನ ಲೆಕ್ಕದಲ್ಲಿ ಶುದ್ಧ ದಡ್ಡತನ. ತಾಯಂದಿರಿಗೂ ಅದೇ ಬೇಕಿತ್ತು. ಹಾಗಾಗಿ ಟೇಪು ಹಿಡಿದವನ ಮಾತಿಗೆ ಎದುರಾಡುವವರು ಆ ಬಜಾರದಲ್ಲಿ ಯಾರೂ ಇರಲಿಲ್ಲ.

ಅವನ ಎಂಟು ವರ್ಷದ ಮಗಳು ಶೇಖರಮ್ಮ ಗುಡಿಯಲ್ಲಿ ಸೋಮವಾರದ ಭಜನೆಗೆ ಹಾಡುತ್ತಿದ್ದಳು. ಭಜನೆ ನಡೆಸುತ್ತಿದ್ದ ಮುದುಕ ಕರಿಬಸಯ್ಯಜ್ಜ ಒಂದು ದಿನ ಆದೆಪ್ಪನನ್ನು ಕರೆದು, ಹುಡುಗಿಯ ದನಿ ಶ್ರುತಿಗೆ ಕೂಡಿಬಂದಿದೆ, ಇನ್ನು ಅವಳ ಕೈಗೊಂದು ತಂಬೂರಿ ಕೊಡಿಸು ಎಂದ. ಆದೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ಲಿಂಗಸುಗೂರಿನ ಬಸ್ಸು ಹತ್ತಿದ. ಮಗಳನ್ನೂ ಕರೆದುಕೊಂಡು ಹೋಗೆಂದು ಹೆಂಡತಿ ಪಾರ್ವತೆಮ್ಮ ಹೇಳಿದ್ದಳು. ಊರ ಮಕ್ಕಳ ಅಳತೆಯನ್ನೆಲ್ಲ ಕಣ್ಣಲ್ಲೇ ಹಿಡಿಯುವವನಿಗೆ ಸ್ವಂತ ಮಗಳದ್ದು ಗೊತ್ತಿಲ್ಲವೇ ಎಂದು ಅವನು ಒಬ್ಬನೇ ಹೊರಟ.

ಅಲ್ಲಿ ತಂಬೂರಿ ಮಾಡುವ ಶೇಕ್ಷಾವಲಿಯ ಅಂಗಡಿಗೆ ಸಿಂಧನೂರು ಕಡೆಯ ಭಜನೆಯವರೂ ಬರುತ್ತಿದ್ದರು. ಒಣಗಿದ ಸೋರೆ ಬುರುಡೆಯ ತಂಬೂರಿಗಳು ಗೋಡೆಗೆ ಒರಗಿ ನಿಂತಿದ್ದವು. ಶೇಕ್ಷಾವಲಿ ಚಿಕ್ಕದೊಂದನ್ನು ಮುಂದಿಟ್ಟ. ಆದೆಪ್ಪ ಅದನ್ನು ಪಕ್ಕಕ್ಕೆ ಸರಿಸಿ, ಉಳಿದವನ್ನೆಲ್ಲ ಮೀಟಿ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದ. ಅದರ ನಾದವೂ ತುಂಬಿಕೊಂಡಿತ್ತು, ಸುಳ್ಳೇಕೆ ಹೇಳಬೇಕು. ಬರುವಾಗ ಬಸ್ಸಿನಲ್ಲಿ ಜನ ಅದಕ್ಕೆ ಕೈಮುಗಿದು ಜಾಗ ಬಿಟ್ಟುಕೊಟ್ಟರು. ತಂಬೂರಿಗೆ ಸೀಟು ಸಿಕ್ಕಿತು, ಆದೆಪ್ಪ ನಿಂತುಕೊಂಡೇ ಬಂದ.

ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ದೇವರ ಮುಂದೆ ಒಮ್ಮೆ ನುಡಿಸಿದ್ದೂ ಆಯಿತು. ಹಾಗೆ ನುಡಿದ ವಾದ್ಯವನ್ನು ಆ ಗುಡಿಯ ಭಜನೆ ಮಂದಿ ಅಂಗಡಿಗೆ ಮರಳಿಸುತ್ತಿರಲಿಲ್ಲ, ಮೂಲೆಗೆ ಇಡುತ್ತಲೂ ಇರಲಿಲ್ಲ. ವಾರಕ್ಕೊಮ್ಮೆ ಅದು ದೇವರ ಮುಂದೆ ನುಡಿಯಲೇಬೇಕು.

ಶೇಖರಮ್ಮ ತಂಬೂರಿಯನ್ನು ಅಪ್ಪಿಕೊಂಡಳು. ಅಪ್ಪಿಕೊಳ್ಳಲು ಹೋದಳು ಎನ್ನಬೇಕು, ಏಕೆಂದರೆ ತೋಳು ಬುರುಡೆಯನ್ನು ಸುತ್ತಲಿಲ್ಲ, ಬೆರಳು ತಂತಿಗೆ ಎಟುಕಲಿಲ್ಲ. ಅಪ್ಪನ ಮುಖದ ಸಂತೋಷ ನೋಡಿ ಅವಳು ಬಾಯಿ ಬಿಡಲಿಲ್ಲ. ಮೊದಲ ಸೋಮವಾರ ವಾದ್ಯ ಜಾರದಂತೆ ಹಿಡಿಯುವುದರಲ್ಲೇ ಉಸಿರೆಲ್ಲ ಹೋಗಿ ಅವಳ ದನಿ ಏಳಲಿಲ್ಲ. ಮುಂದಿನ ಸೋಮವಾರ ಹೊಟ್ಟೆನೋವು. ಅದರ ಮುಂದಿನದಕ್ಕೂ ಹೊಟ್ಟೆನೋವು. ರೊಟ್ಟಿ ಬಡಿಯುವ ಅವ್ವನ ಪಕ್ಕ ಕುಳಿತು ಗುನುಗುವುದನ್ನೂ ಬಿಟ್ಟಳು. ಆದೆಪ್ಪನಿಗೆ ಸಿಟ್ಟು ಬಂತು. ತಂಬೂರಿ ಒತ್ತಿ ಮಗಳ ಹೆಗಲ ಮೇಲೆ ಉಳಿದಿದ್ದ ಬಾಸುಂಡೆಯ ಗುರುತನ್ನು ಪಾರ್ವತೆಮ್ಮ ತೋರಿಸಿದಾಗ ಆ ಸಿಟ್ಟು ಇಳಿದುಹೋಯಿತು. ಆಸೆಯಿಂದ ಕೊಡಿಸಿ, ಹಾಡುವ ಮಗುವಿನ ಬಾಯಿಯನ್ನು ತಾನೇ ಮುಚ್ಚಿಸಿದೆನಲ್ಲ ಎಂದು ಅವನು ಹಳಹಳಿಸಿದ.

ತಂಬೂರಿ ಹೊತ್ತುಕೊಂಡು ಕರಿಬಸಯ್ಯಜ್ಜನ ಮನೆಗೆ ಹೋದ.

“ತಪ್ಪು ನಂದೈತ್ರಿ ಅಜ್ಜಾರ. ಇದನ್ನ ವಾಪಸ್ ಕೊಡಾಕ ಬರಂಗಿಲ್ಲ, ಆಕಿಗೆ ಹಿಡ್ಯಾಕ ಬರಂಗಿಲ್ಲ. ಹುಡುಗಿ ಹಾಡೂದನ್ನ ಬಿಟ್ಟಾಳ.”

ಚಿಕ್ಕದೊಂದು ತರಬಹುದಿತ್ತು. ಆದರೆ ಈ ದೊಡ್ಡದನ್ನು ನುಡಿಸುವವರು ಯಾರು? ಭಜನೆಯಲ್ಲಿ ಅಜ್ಜನೊಬ್ಬನ ಹೊರತು ಉಳಿದವರ ಕೈ ತಾಳ, ದಿಮ್ಮಿನ ಬಡಿತದಾಚೆಗೆ ಹೋಗಿರಲಿಲ್ಲ. ಅಜ್ಜ ಎದ್ದು ಗೂಟದಲ್ಲಿದ್ದ ತನ್ನ ತಂಬೂರಿಯನ್ನು ಇಳಿಸಿದ. ಅವನು ಹುಡುಗನಾಗಿದ್ದಾಗ ಅವನ ಗುರು ಕೈಗಿಟ್ಟದ್ದು ಅದು. ಪುಟ್ಟ ಬುರುಡೆ, ಹೆಬ್ಬೆರಳು ಊರುವಲ್ಲಿ ಕಟ್ಟಿಗೆ ಸವೆದು ಕುಳಿ ಬಿದ್ದಿತ್ತು.

“ಇದು ಆಕಿಗಿರ್ಲಿ. ಅದು ನನಗಿರ್ಲಿ.”

ಆದೆಪ್ಪ ಖಂಡಿತ ಬೇಡವೆಂದ. ಜೀವಮಾನವೆಲ್ಲ ಕೈಗೆ ಒಗ್ಗಿದ್ದನ್ನು ಬಿಟ್ಟು, ಈ ವಯಸ್ಸಿನಲ್ಲಿ ಹೊಸದಕ್ಕೆ ಬೆರಳು ಕೂಡಿಸುವುದು ಹುಡುಗಾಟವಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅಜ್ಜ ಕೇಳುವ ಪೈಕಿಯಲ್ಲ. ಶೇಖರಮ್ಮನನ್ನು ಕರೆಸಿ, ಎದುರಿಗೆ ಕೂರಿಸಿ, ತಂಬೂರಿ ಕೊಟ್ಟು ನೋಡಿದ. ಬುರುಡೆ ಅವಳ ಮಡಿಲಲ್ಲಿ ಕುಳಿತಿತು, ಬೆರಳು ತಾನಾಗಿಯೇ ತಂತಿಗೆ ಹೋಯಿತು. ಮೀಟುವ ಮೊದಲು ಅವಳು ಅಳುಕುತ್ತ ಅಪ್ಪನ ಮುಖ ನೋಡಿದಳು. ಆದೆಪ್ಪ ಕಣ್ಣೊರೆಸಿಕೊಂಡು, ಮೀಟು ಎಂದು ತಲೆಯಾಡಿಸಿದ.

ಆ ಸೋಮವಾರ ಅವಳ ದನಿ ಗುಡಿ ದಾಟಿ ಓಣಿಗೆ ಕೇಳಿಸಿತು. ಬಾಗಿಲಲ್ಲಿ ನಿಂತ ಪಾರ್ವತೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದೆಪ್ಪನ ಕಣ್ಣು ಮಾತ್ರ ಅಜ್ಜನ ಮೇಲಿತ್ತು. ದೊಡ್ಡ ತಂಬೂರಿಯ ಮೇಲೆ ಆ ಮುದಿ ಬೆರಳು ತಡವರಿಸುತ್ತಿತ್ತು, ನಡುನಡುವೆ ತಂತಿ ತಪ್ಪುತ್ತಿತ್ತು. ಎಂದೂ ತಪ್ಪದ ಅಜ್ಜ ಊರಿನವರೆದುರು ತಪ್ಪುತ್ತ ಕುಳಿತಿದ್ದ. ಶೇಖರಮ್ಮ ಓರೆಗಣ್ಣಲ್ಲಿ ಅದನ್ನು ನೋಡಿ, ಯಾರೂ ಹೇಳದೆಯೇ ಹಾಡನ್ನು ನಿಧಾನ ಮಾಡಿದಳು. ತಾಳದವರೂ ದಿಮ್ಮಿನವನೂ ಅವಳ ಬೆನ್ನು ಹಿಡಿದರು. ಅಜ್ಜನ ಬೆರಳು ಸಾವಕಾಶ ಕೂಡಿಕೊಂಡಿತು.

ಭಜನೆ ಮುಗಿದ ಮೇಲೆ ಆದೆಪ್ಪ ಅಜ್ಜನ ಕಾಲು ಹಿಡಿದು, ಈ ಉಪಕಾರವನ್ನು ಹೇಗೆ ತೀರಿಸಲಿ ಎಂದ. ಅಜ್ಜ ಅವನ ಹೆಗಲು ಹಿಡಿದು ಎಬ್ಬಿಸಿದ.

“ನಾ ಹಿಂದ ಉಳದಾಗ ಆಕಿ ನನ್ನ ಸಲವಾಗಿ ಕಾಯ್ದ್ಲು, ನೋಡಿದಿಲ್ಲೋ? ಇನ್ನೇನು ತೀರಸ್ತಿ ನೀ.”