ಎರಡು ಬೆರಳಿನ ಜಾಗ

“ಅಜ್ಜೀ, ಸೆಲೆಕ್ಟ್ ಆದೆ! ಕುದುರೆ ಪೊಲೀಸ್! ನಾಳೆಯಿಂದಾನೇ ಸವಾರಿ!”

ಇಂಚರಾ ಬಾಗಿಲಲ್ಲೇ ನಿಂತು ಕೂಗಿದ್ಲು. ಅವಳಜ್ಜಿ ದೇವಾಜಮ್ಮಣ್ಣಿ ಸುಲೀತಿದ್ದ ಅವರೆಕಾಯಿ ಕೈಯಲ್ಲೇ ಉಳೀತು. ಗೋಡೆ ಮೊಳೆಗೆ ನೇತಾಕಿದ್ದ ನಾನೂ ಕೇಳಿಸ್ಕೊಂಡೆ. ನಾನು ಒಂದು ರಿಕಾಪು. ಅಂದ್ರೆ ಕುದುರೆ ಹತ್ತೋರು ಕಾಲಿಡೋ ಕಬ್ಬಿಣದ ಬಳೆ. ಎಡಗಾಲಿಂದು.

ಹುಟ್ಟಿದ್ದು ಮೈಸೂರಿನ ಒಂದು ಕುಲುಮೇಲಿ, ನೂರು ವರ್ಷದ ಮೇಲಾಯ್ತು. ನಾನೂ ನನ್ನ ಬಲಗಾಲಿನ ತಮ್ಮನೂ ಒಂದೇ ದಿನ ಸುತ್ತಿಗೆ ಏಟು ತಿಂದು, ಜೀನಿನ ಆ ಕಡೆ ಈ ಕಡೆ ನೇತಾಡಕ್ಕೆ ಶುರು ಮಾಡಿದ್ವಿ. ಸವಾರ ಚನ್ನರಾಜೇ ಅರಸ್, ಈ ಅಜ್ಜಿಯ ಅಪ್ಪ. ಅವರ ಮುಖ ನಾನು ಸರಿಯಾಗಿ ನೋಡಿದ್ದೇ ಇಲ್ಲ. ನಂಗೆ ಗೊತ್ತಿದ್ದಿದ್ದು ಬೂಟಿನ ಅಟ್ಟೆ ಮಾತ್ರ. ಹೆದರಿದಾಗ ಅದು ಸಣ್ಣಗೆ ನಡುಗೋದು.

ಹಡಗು ಹತ್ತಿ ಮರಳುಗಾಡಿನ ಯುದ್ಧಕ್ಕೆ ಹೋದ್ವಿ. ಎಲ್ರೂ ಕುದುರೆ, ಭರ್ಜಿ ಅಂತ ಹೊಗಳ್ತಾರೆ. ಕಾಲಿಗೆ ಆಸರೆ ಇಲ್ದೆ ಭರ್ಜಿ ಚುಚ್ಚಿ ನೋಡಿ, ಚುಚ್ಚಿದೋನೇ ಹಿಂದಕ್ಕೆ ಉರುಳ್ತಾನೆ! ಆದ್ರೂ ಮೆಷಿನ್ ಗನ್ ಮುಂದೆ ನಮ್ಮದೇನೂ ನಡೀತಿರಲಿಲ್ಲ. ಒಂದು ಮಧ್ಯಾಹ್ನ ಗುಡ್ಡದ ಕಡೆ ನುಗ್ಗಿದಾಗ ಹನ್ನೊಂದು ಜೀನು ಖಾಲಿ ವಾಪಸ್ ಬಂದ್ವು. ನನ್ನ ತಮ್ಮ ಗುಂಡು ತಗುಲಿ ಮುರಿದು ಅಲ್ಲೇ ಉಳಿದ. ಅರಸ್‌ಗೆ ಒಂದು ಗೀರೂ ಇಲ್ಲ.

ಊರಿಗೆ ಬಂದು ಕುದುರೆ ಪಡೇಲಿ ದಫೇದಾರ್ ಆದ್ರು, ಹೊಸಬರಿಗೆ ಸವಾರಿ ಕಲ್ಸೋ ಕೆಲಸ. ದಿನಾ ಬೆಳಿಗ್ಗೆ ಹೊಸಬರಿಗೆ ಒಂದೇ ಬೈಗುಳ: “ಲೇ, ಬೂಟಿನ ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು ಜಾಗ ಇರ್ಬೇಕು ಕಣೋ! ಇಲ್ದಿದ್ರೆ ಬಿದ್ದಾಗ ಕುದುರೆ ನಿನ್ನ ನಿಮ್ಮತ್ತೆ ಮನೆವರ್ಗೂ ಎಳ್ಕೊಂಡು ಹೋಗುತ್ತೆ!”

ಆಮೇಲೆ ಟ್ಯಾಂಕುಗಳು ಬಂದ್ವು. ಕುದುರೆಗಳಿಗೆ ಕೊನೇ ಪೆರೇಡು ಅಂತಾಯ್ತು. ಅವತ್ತು ದಫೇದಾರ್ರು ಹೊಸ ಬೂಟು ಹಾಕ್ಕೊಂಡ್ರು, ದಪ್ಪ ಅಟ್ಟೇದು. ಬೆರಳಿಟ್ಟು ನೋಡ್ಲಿಲ್ಲ. ಬ್ಯಾಂಡ್ ಸದ್ದಿಗೆ ಕುದುರೆ ಬೆಚ್ಚಿತು. ಅವರು ಬಿದ್ರು, ಬೂಟು ನನ್ನೊಳಗೇ ಸಿಕ್ಕಾಕ್ಕೊಂತು. ಬಿಡೋಣ ಅಂದ್ರೆ ನಾನು ಕಬ್ಬಿಣ. ಕುದುರೆ ಅವರನ್ನ ಅರ್ಧ ಮೈದಾನ ಎಳ್ಕೊಂಡು ಹೋಯ್ತು. ಬೇಲಿ ಹತ್ರ ಏಳು ವರ್ಷದ ದೇವಾಜಮ್ಮಣ್ಣಿ ನೋಡ್ತಾ ನಿಂತಿದ್ಲು. ಅಪ್ಪ ಬದುಕಿದ್ರು, ಕೋಲು ಹಿಡ್ಕೊಂಡು. ನಾನು ಈ ಮೊಳೆ ಸೇರಿದೆ. ಮಗಳು ಮತ್ತೆ ಯಾವತ್ತೂ ಕುದುರೆ ಹತ್ರ ಸುಳೀಲಿಲ್ಲ.

ಈಗ ಇಂಚರಾ ನನ್ನ ಮೊಳೆಯಿಂದ ಇಳಿಸಿದ್ಲು. “ಮುತ್ತಜ್ಜಂದು! ನಾಳೆ ಇದನ್ನೇ ಕಟ್ಕೊಂಡು ಹತ್ತೀನಿ. ಸವಾರಿ ಕಲ್ಸೋ ಉಸ್ತಾದ್ರು ಒಂದು ರೌಂಡಿಗೆ ಒಪ್ಪಿದಾರೆ.”

ಹೊಸ ಬೂಟು ಹಾಕಿದ ಕಾಲು ತೂರಿಸಿದ್ಲು. ಎಂಬತ್ತು ವರ್ಷ ಆದ್ಮೇಲೆ ಒಂದು ಕಾಲು. ಖುಷಿ ಆಗ್ಬೇಕಿತ್ತು. ಎರಡೂ ಕಡೆ ಬಿಗಿ.

ಅಜ್ಜಿ ಮಂಡಿ ಹಿಡ್ಕೊಂಡು ಬಂದು ಕೂತ್ರು. ಬೂಟಿನ ಪಕ್ಕ ಕಿರುಬೆರಳು ತೂರಿಸಕ್ಕೆ ನೋಡಿದ್ರು. ಹೋಗ್ಲಿಲ್ಲ.

“ಬೇಡ.”

“ಅಜ್ಜೀ, ಒಂದೇ ರೌಂಡು...”

“ಬೇಡ ಅಂದೆ. ಪೊಲೀಸ್ನೋರು ಕೊಡೋ ರಿಕಾಪಲ್ಲೇ ಹತ್ತು. ಅದಕ್ಕೂ ಬೆರಳಿಟ್ಟು ನೋಡು.”

ನಾನು ವಾಪಸ್ ಮೊಳೆಗೆ. ಬೇಜಾರಿಲ್ಲ. ಈ ಸಲ ಯಾರನ್ನೂ ಎಳ್ಕೊಂಡು ಹೋಗ್ಲಿಲ್ವಲ್ಲ.

ಅಜ್ಜಿ ಅವರೆಕಾಯಿ ಮುಂದೆ ಕೂತ್ರು. “ಎಷ್ಟು ಗಂಟೆಗೆ ನಾಳೆ?”

“ಆರಕ್ಕೆ. ಯಾಕೆ?”

“ಲಾಯದ ಗೇಟ್ ಹತ್ರ ಇರ್ತೀನಿ.”

“ನೀವಾ? ಕುದುರೆ ಹತ್ರಾನಾ?”

“ಆರಕ್ಕೆ. ನಾನು ಬೆರಳಿಟ್ಟು ನೋಡೋವರ್ಗೂ ಹತ್ಬೇಡ.”