ಅಣ್ಣನ ಸೂಟಿನೊಳಗಿನ ಸಾಹೇಬ

ನನ್ನ ಅಣ್ಣ ಗ್ರಾಂಚಾ ಆರೂವರೆ ಅಡಿ ಆಳು. ಅವನ ವರ್ಷದ ತಿಥಿ ಬಂದಾಗ ಅದೇ ಪೀಕಲಾಟವಾಯಿತು. ನಮ್ಮಲ್ಲಿ ಸತ್ತವನ ಅಳತೆಯ ಗಂಡಸೊಬ್ಬನಿಗೆ ಅಡಿಯಿಂದ ಮುಡಿಯವರೆಗೆ ಹೊಸ ಬಟ್ಟೆ ತೊಡಿಸಿ ಊಟಕ್ಕೆ ಕೂರಿಸಬೇಕು. ಇಲ್ಲದಿದ್ದರೆ ಸತ್ತವನು ಆ ಲೋಕದಲ್ಲಿ ಬೆತ್ತಲೆ. ಆ ಬಟ್ಟೆ ಮೈಮೇಲಿರುವಷ್ಟು ಹೊತ್ತು ತೊಟ್ಟವನೇ ಸತ್ತವನು. ನಮ್ಮ ಕೇರಿಯಲ್ಲೋ, ಇದ್ದವರೆಲ್ಲ ಗಿಡ್ಡರು.

ಅಷ್ಟರಲ್ಲಿ ಬ್ರಸೆಲ್ಸಿನ ಯಾವುದೋ ದೊಡ್ಡ ಸಂಸ್ಥೆಯಿಂದ ಯೋಸ್ಟ್ ಎಂಬ ಸಾಹೇಬ ಬಂದ. ಜಿಪ್ಸಿಗಳೆಂದು ಎಲ್ಲರೂ ದೂರವಿಡುವ ನಮ್ಮ ರೋಮಾ ಜನರನ್ನು ಊರು ಒಳಗೆ ಸೇರಿಸಿಕೊಂಡಿದೆಯೋ ಇಲ್ಲವೋ ನೋಡಿ ವರದಿ ಬರೆಯುವುದು ಅವನ ಕೆಲಸ. ನಮ್ಮ ಮೇಯರ್ ಹಾಡಿದ್ದೇ ಹಾಡುವ ಕಿಸಬಾಯಿ ದಾಸ: ಬ್ರಸೆಲ್ಸ್ ಒಂದು ಮಾತು ಹೇಳಲಿ, ನಾಳೆಯೇ ನಿಮ್ಮ ಕೇರಿಗೆ ನಲ್ಲಿ. ನೀರಿನ ಕೊಳವೆ ಕೇರಿಯ ಬಾಯಿಗೆ ಬಂದು ನಿಂತಿತ್ತು. ನಾವು ಹಳ್ಳದ ನೀರು ಕುಡಿಯುತ್ತಿದ್ದೆವು, ಮಕ್ಕಳು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದವು. ಈ ಸಾಹೇಬ ಒಂದು ಸಾಲು ಬರೆದರೆ ಸಾಕಿತ್ತು.

ಆದರೆ ನನ್ನ ಅತ್ತಿಗೆ ಸಾವೇತಾ ನೋಡಿದ್ದು ಅವನ ಭುಜ.

"ನೋಡೇ, ನಿಮ್ಮಣ್ಣನ ಅಳತೆನೇ," ಎಂದು ನನ್ನ ತಿವಿದಳು. "ಬಿಡಬೇಡ ಇವನ್ನ."

ಯೋಸ್ಟ್‌ಗೆ ಬಟ್ಟೆ, ಊಟದ ಪದ್ಧತಿ ಬಿಡಿಸಿ ಹೇಳಿದೆವು. ಅವನಿಗೆ ಖುಷಿಯೋ ಖುಷಿ. "ಜನ ಕರೆದ ಕಾರ್ಯಕ್ಕೆ ಇಲ್ಲ ಅನ್ನಬಾರ್ದು ಅಂತ ನಮ್ಮ ಸಂಸ್ಥೆ ನಿಯಮಾನೇ ಇದೆ," ಎಂದು ಸೂಟು, ಟೋಪಿ, ಬೂಟು ತೊಟ್ಟು ಅಣ್ಣನ ಜಾಗದಲ್ಲಿ ಕೂತ. ಎಲೆಕೋಸಿನಲ್ಲಿ ಸುತ್ತಿದ ಮಾಂಸ ತಿಂದ, ಪ್ಲಮ್ ಸಾರಾಯಿ ಕುಡಿದ. ಆಮೇಲೆ, "ಈಗ ಹೇಳಿ, ನಿಮಗೇನು ಕೊರತೆ?" ಎಂದು ಕೇಳಿದ.

ಅಣ್ಣನ ಬಟ್ಟೆ ಇನ್ನೂ ಅವನ ಮೈಮೇಲಿತ್ತು. ಸತ್ತವನ ಮುಂದೆ ಮನೆಯ ಕೊರತೆ ಹೇಳುವಂತಿಲ್ಲ. ಹೇಳಿದರೆ ಅವನು ಆ ಚಿಂತೆಯಲ್ಲಿ ಇಲ್ಲೇ ಅಲೆಯುತ್ತಾನೆ.

"ಏನೂ ಇಲ್ಲ ಮಾರಾಯ, ಸುಖವಾಗಿದೀವಿ," ಎಂದಳು ಅತ್ತಿಗೆ.

"ನೀರು?"

"ಬೇಕಾದಷ್ಟು ಬರುತ್ತಣ್ಣ," ಎಂದೆ. ನನ್ನ ನಾಲಿಗೆ ನಾನೇ ಕಿತ್ತುಕೊಳ್ಳಬೇಕೆನಿಸಿತು.

"ಮೇಯರ್ ಹೇಗೆ?"

"ದೇವರಂಥ ಮನುಷ್ಯ ಕಣಪ್ಪ," ಎಂದ ನಮ್ಮ ಚಿಕ್ಕಪ್ಪ. ಮೇಯರನ ಹೆಸರೆತ್ತಿದರೆ ಉಗಿಯುವವನು ಅವನು.

ಯೋಸ್ಟ್ ಎಲ್ಲವನ್ನೂ ಬರೆದುಕೊಂಡು, ಪದ್ಧತಿಯಂತೆ ಅದೇ ಬಟ್ಟೆಯಲ್ಲಿ ಕಾರು ಹತ್ತಿದ.

ವರದಿ ಬಂತು. ನಮ್ಮದು ಮಾದರಿ ಕೇರಿಯಂತೆ. ದೇಶದ ಕೇರಿಗಳೆಲ್ಲ ನಮ್ಮಂತೆಯೇ ಆಗಬೇಕೆಂದು ಸರ್ಕಾರ ನೀತಿಯನ್ನೇ ಮಾಡಿತು. ಮೇಯರನ ಕೊರಳಿಗೆ ಪದಕ ಬಿತ್ತು. ಕೊಳವೆ ಮಾತ್ರ ಅಲ್ಲೇ ನಿಂತಿತ್ತು. ನಾನು ತಡೆಯಲಾರದೆ ಯೋಸ್ಟ್‌ಗೆ ಫೋನು ಮಾಡಿ, ನೀರಿಲ್ಲ ಸಾಹೇಬ್ರೇ ಎಂದೆ.

"ಫೋನಲ್ಲಿ ಹೇಳಿದ್ದು ವರದಿಗೆ ಸೇರಲ್ಲಮ್ಮ. ಸಚಿವರನ್ನೇ ಕರ್ಕೊಂಡು ಬರ್ತೀನಿ, ಅವರೆದುರು ಹೇಳಿ," ಎಂದ.

ಒಳ್ಳೆಯವನು, ಮಾತಿಗೆ ತಪ್ಪಲಿಲ್ಲ. ರಾಜಧಾನಿ ಬುಖಾರೆಸ್ಟಿನಿಂದ ಸಚಿವರು ಬಂದರು, ಕ್ಯಾಮೆರಾಗಳು ಬಂದವು. ಯೋಸ್ಟ್ ಕಾರಿನಿಂದ ಇಳಿದ. ನಮ್ಮ ಮೇಲಿನ ಪ್ರೀತಿಗೆ ಅಣ್ಣನ ಸೂಟನ್ನೇ ಹಾಕಿಕೊಂಡು ಬಂದಿದ್ದ.

"ಎಲ್ಲರೆದುರು ಹೇಳಿ. ನೀರು ಬರುತ್ತೋ, ಇಲ್ವೋ?"

ಅತ್ತಿಗೆ ಅವನ ಕೈ ಹಿಡಿದಳು. "ಮೊದಲು ಬಟ್ಟೆ ಬಿಚ್ಚಪ್ಪ. ಆಮೇಲೆ ಹೇಳ್ತೀನಿ."

ಸಚಿವರು ಗೊಳ್ಳೆಂದು ನಕ್ಕರು. ಯೋಸ್ಟ್ ಕೆಂಪಗಾಗಿ ಕೋಟಿನ ಗುಂಡಿ ಹಾಕಿಕೊಂಡ. "ಇಷ್ಟು ಜನರ ಮುಂದೆ ಹೇಗಮ್ಮ?"

ಅತ್ತಿಗೆ ಮೆಲ್ಲಗೆ ಅವನ ಕಾಲರು ಸರಿಮಾಡಿದಳು. ನನಗೆ ಅಳುವೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು.

"ಬರುತ್ತೆ," ಎಂದಳು. "ನೀನು ನಿಶ್ಚಿಂತೆಯಾಗಿ ಹೋಗು."

ಸಚಿವರು ಚಪ್ಪಾಳೆ ತಟ್ಟಿ, ಬಾಯಾರಿಕೆ, ಒಂದು ಲೋಟ ನೀರು ಕೊಡಿ ಎಂದರು. ನಾನು ಕೊಡ ಎತ್ತಿಕೊಂಡು ಹಳ್ಳಕ್ಕೆ ಹೊರಟೆ.