ಸಿಕ್ಕಿಬೀಳುವ ಕೆಲಸ

ಭಾವ ಮಾರುತ್ತಿದ್ದದ್ದು ಭಯ. ಹಾಗಂತ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಅವರ ಆಫೀಸಿನ ಬೋರ್ಡಿನ ಮೇಲೆ ‘ಭದ್ರತೆ ಮತ್ತು ಅಪಾಯ ನಿರ್ವಹಣೆ’ ಎಂದು ಬರೆದಿತ್ತು. ದೊಡ್ಡ ಕಂಪನಿಗಳಿಗೆ ಕಾವಲುಗಾರರನ್ನು ಒದಗಿಸುವುದು, ಕ್ಯಾಮೆರಾ ಹಾಕಿಸುವುದು, ಹೊಸದಾಗಿ ಕೆಲಸಕ್ಕೆ ಸೇರುವವರ ಹಿನ್ನೆಲೆ ವಿಚಾರಿಸುವುದು ಅವರ ಉದ್ಯೋಗ. ಅದಕ್ಕೆಲ್ಲ ಮೊದಲು, ನೆಮ್ಮದಿಯಾಗಿದ್ದವರ ಎದುರು ಕುರ್ಚಿ ಎಳೆದುಕೊಂಡು ಕೂತು ಅವರ ನೆಮ್ಮದಿ ಕೆಡಿಸಬೇಕಿತ್ತು. “ನಿಮ್ಮ ಕಿಟಕಿ ಪಕ್ಕ ಆ ಪೈಪು ಯಾಕಿದೆ ಅಂತ ಯಾವತ್ತಾದ್ರೂ ಯೋಚಿಸಿದೀರಾ ಸಾರ್?” ಎಂದು ಮೆತ್ತಗೆ ಕೇಳುತ್ತಿದ್ದರು. ಯಾರೂ ಯೋಚಿಸಿರುತ್ತಿರಲಿಲ್ಲ. ಅಂದಿನಿಂದ ಯೋಚಿಸಲು ಶುರುಮಾಡಿ, ನಿದ್ದೆಗೆಟ್ಟು, ಕೊನೆಗೆ ಕರಾರಿಗೆ ಸಹಿ ಹಾಕುತ್ತಿದ್ದರು.

ಊರಿಗೆಲ್ಲ ಬೀಗ ಹಾಕಿಸುವ ಭಾವನ ಮನೆಯಲ್ಲಿ ಚಿಲಕವೇ ಇಲ್ಲದ ಕೋಣೆಯೊಂದಿತ್ತು. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಹಳೇ ಸೂಟ್‌ಕೇಸುಗಳ ನಡುವೆ ಅಲ್ಲಿ ಮಲಗುತ್ತಿದ್ದವಳು ಅವರ ಹೆಂಡತಿಯ ತಂಗಿ. ಅವಳನ್ನು ಎಲ್ಲರೂ ಪಿಸು ಎಂದೇ ಕರೆಯುತ್ತಿದ್ದರು. ಅವಳ ಮಾತು ಬಾಯಿಂದ ಹೊರಟು ಎದುರಿನವರ ಕಿವಿ ಮುಟ್ಟುವಷ್ಟರಲ್ಲಿ ಅರ್ಧ ಸವೆದುಹೋಗಿರುತ್ತಿತ್ತು. ಅವಳ ಕೋಣೆಗೆ ಅಕ್ಕ ಸೂಜಿ ಹುಡುಕಿಕೊಂಡು ಬರುತ್ತಿದ್ದಳು, ಭಾವ ಅಂಗಿಯ ಇಸ್ತ್ರಿಗೆ ಬರುತ್ತಿದ್ದರು, ಬಂದ ನೆಂಟರು ಚೀಲ ಇಡಲು ಬರುತ್ತಿದ್ದರು. ಬಾಗಿಲು ತಟ್ಟಿ ಬಂದವರು ಯಾರೂ ಇಲ್ಲ. ಪಿಸುವಿಗೆ ಬೇಕಿದ್ದದ್ದು ತನ್ನದೊಂದು ಕೆಲಸ, ಆ ಕೆಲಸದಿಂದ ತನ್ನದೊಂದು ಬಾಡಿಗೆ ಕೋಣೆ. ಅದನ್ನು ಅವಳು ಎಷ್ಟೋ ಸಲ ಹೇಳಿಯೂ ಇದ್ದಳು. ಕೇಳಿಸಿಕೊಂಡವರು ಯಾರು?

ಒಂದು ಸಂಜೆ ಊಟಕ್ಕೆ ಕೂತಾಗ ಭಾವನೇ ಆ ಮಾತು ತೆಗೆದರು.

“ನಾಳೆ ನಿನಗೊಂದು ಕೆಲಸ ಇದೆ. ಗಾಜಿನ ಕಟ್ಟಡದ ಕಂಪನಿ ಇದೆಯಲ್ಲ, ಅವರ ಕರಾರು ಮುಗೀತಾ ಬಂತು. ಅಲ್ಲಿನ ದೊಡ್ಡ ಸಾಹೇಬರಿಗೆ ನಮ್ಮ ಕಾವಲಿನ ಮೇಲೆ ಅನುಮಾನ. ಪರೀಕ್ಷೆ ಮಾಡಿ ತೋರಿಸ್ತೀನಿ ಅಂದಿದೀನಿ. ಹೊರಗಿನೋರು ಒಬ್ಬರು ಕಾರ್ಡಿಲ್ಲದೆ ಒಳಗೆ ನುಗ್ಗಬೇಕು, ನಮ್ಮೋರು ಹಿಡೀಬೇಕು. ಆ ಹೊರಗಿನೋಳು ನೀನು.”

“ಇವಳಾ?” ಅಂದಳು ಅಕ್ಕ. “ಬೆಕ್ಕು ಅಡ್ಡ ಬಂದ್ರೆ ಬೆಕ್ಕಿಗೇ ದಾರಿ ಬಿಟ್ಟು ನಿಲ್ಲೋಳು ಇವಳು.”

“ಅದಕ್ಕೇ ಇವಳು. ಗಟ್ಟಿಗರನ್ನ ಕಳಿಸಿ, ಅವರು ನಿಜವಾಗ್ಲೂ ಒಳಗೆ ಹೋಗ್ಬಿಟ್ರೆ ನನ್ನ ಗತಿ? ಇವಳು ಗೇಟಲ್ಲೇ ನಡುಗ್ತಾಳೆ, ಅಲ್ಲೇ ಸಿಕ್ಕಿಬೀಳ್ತಾಳೆ.”

“ಪರೀಕ್ಷೆ ಅಂತೀರಿ, ಉತ್ತರ ಮೊದಲೇ ಬರೆದಿಟ್ಕೊಂಡಿದೀರಿ.”

“ಅದನ್ನೇ ಕಣೆ ಅಪಾಯ ನಿರ್ವಹಣೆ ಅನ್ನೋದು.”

ಪಿಸು ಏನೋ ಅಂದಳು. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಅಂದಳು. “ಸಿಕ್ಕಿಬಿದ್ರೆ ನನಗೇನು ಸಿಗುತ್ತೆ ಭಾವ?”

ಭಾವ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದರು. “ಪರವಾಗಿಲ್ವೇ. ಸಿಕ್ಕಿಬಿದ್ರೆ ನಮ್ಮ ಆಫೀಸಲ್ಲಿ ಕೆಲಸ, ಕಾಯಂ. ಆದ್ರೆ ಅಲ್ಲಿ ನಾನು ಯಾರೋ, ನೀನು ಯಾರೋ. ನನ್ನ ನಾದಿನಿ ಅಂತ ಗೊತ್ತಾದ್ರೆ ಪರೀಕ್ಷೆಯೂ ಹೋಯ್ತು, ಕರಾರೂ ಹೋಯ್ತು.”

ಕೆಲಸ ಹುಡುಕಿಕೊಂಡು ಹೋಗಿ ಸೋತವರುಂಟು. ಸಿಕ್ಕಿಬಿದ್ದರೆ ಕೆಲಸ ಅಂದಾಗ ಯಾರು ತಾನೇ ಸೋಲುತ್ತಾರೆ ಎಂದುಕೊಂಡು ಪಿಸು ಮರುದಿನ ಬೆಳಿಗ್ಗೆ ಹೊರಟಳು.

ಗೇಟಿನಲ್ಲಿ ಕಾವಲುಗಾರನೊಬ್ಬ ಟೈ ಕಟ್ಟಿದ ಮನುಷ್ಯನ ಜೊತೆ ಜಗಳಕ್ಕೆ ನಿಂತಿದ್ದ. ಟೈ ಮನುಷ್ಯನ ಧ್ವನಿ ಏರಿದಷ್ಟೂ ಕಾವಲುಗಾರನ ಅನುಮಾನ ಏರುತ್ತಿತ್ತು. ಪಿಸು ನಡುಗುತ್ತಾ ಪಕ್ಕದಲ್ಲಿ ನಿಂತು ತನ್ನ ಸರದಿಗೆ ಕಾದಳು. ಕಾವಲುಗಾರ ತಿರುಗಿ ನೋಡಿದ. “ನೀವ್ಯಾಕೆ ನಿಂತ್ರಿ ಮೇಡಂ? ಹೋಗಿ, ಹೋಗಿ, ತಡ ಆಗುತ್ತೆ,” ಅಂದ.

ಒಳಗೆ ಕಾರ್ಡು ಮುಟ್ಟಿಸಿದರೆ ಮಾತ್ರ ತೆರೆಯುವ ಗಾಜಿನ ಬಾಗಿಲಿತ್ತು. ಇಲ್ಲಾದರೂ ಸಿಕ್ಕಿಬೀಳೋಣವೆಂದು ಅವಳು ಅದಕ್ಕೆ ಅಡ್ಡಲಾಗಿ ನಿಂತಳು. ಹಿಂದಿನಿಂದ ಬಂದ ಕನ್ನಡಕದ ಹೆಂಗಸು ತನ್ನ ಕಾರ್ಡು ಮುಟ್ಟಿಸಿ ಬಾಗಿಲು ಹಿಡಿದುಕೊಂಡಳು. “ಕಾರ್ಡ್ ಮರೆತ್ರಾ? ಬನ್ನಿ.”

“ಇಲ್ಲ, ನಾನು ಹೊರಗಿನವಳು.”

“ಓ, ಹೊರಗುತ್ತಿಗೆನಾ? ನಿಮಗೆ ಕಾರ್ಡೇ ಕೊಟ್ಟಿಲ್ವಾ ಇನ್ನೂ? ಒಳ್ಳೇ ಕಂಪನಿ ಇದು.”

ಕಂಪನಿಯ ಮುಕ್ಕಾಲುಪಾಲು ಕೆಲಸ ನಡೆಯುತ್ತಿದ್ದದ್ದು ಹೊರಗುತ್ತಿಗೆಯ ಮೇಲೆ. ಗುಡಿಸುವವರು ಒಂದು ಏಜೆನ್ಸಿಯವರು, ಫೋನ್ ಎತ್ತುವವರು ಇನ್ನೊಂದು ಏಜೆನ್ಸಿಯವರು, ಲೆಕ್ಕ ಬರೆಯುವವರು ಮತ್ತೊಂದರವರು. ಯಾರು ಯಾರ ಕಡೆಯವರೆಂದು ಯಾರಿಗೂ ತಿಳಿಯದು. ಕೇಳಿದರೆ ಎದುರಿನವರಿಗೆ ನೋವಾದೀತೆಂದು ಯಾರೂ ಕೇಳುತ್ತಲೂ ಇರಲಿಲ್ಲ. ತಲೆಯೆತ್ತಿ ಆಚೀಚೆ ನೋಡುತ್ತಾ ನಡೆದವನು ಅತಿಥಿ, ತಲೆ ತಗ್ಗಿಸಿ ಗೋಡೆ ಪಕ್ಕ ನಡೆದವನು ಸಿಬ್ಬಂದಿ. ಅಲ್ಲಿ ಇದ್ದ ಗುರುತು ಅದೊಂದೇ. ಪಿಸು ಹುಟ್ಟಿದಾಗಿನಿಂದ ತಲೆ ತಗ್ಗಿಸಿ ಗೋಡೆ ಪಕ್ಕವೇ ನಡೆದವಳು.

ಅವಳೂ ಕೈಲಾದ ಪ್ರಯತ್ನ ಮಾಡಿದಳು. ಯಾರದೋ ಕುರ್ಚಿಯಲ್ಲಿ ಕೂತಳು. ಕುರ್ಚಿಯವನು ಬಂದು “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ತಾನೇ ಕಿಟಕಿಯ ಹತ್ತಿರ ನಿಂತ. ‘ಒಳಗೆ ಪ್ರವೇಶವಿಲ್ಲ’ ಎಂದು ಬರೆದಿದ್ದ ಬಾಗಿಲು ತಟ್ಟಿದಳು. ಒಳಗಿಂದ ಒಬ್ಬ ಬೆವರು ಒರೆಸಿಕೊಳ್ಳುತ್ತಾ ಇಣುಕಿ, “ಎಸಿ ನೋಡೋಕೆ ಬಂದ್ರಾ? ಬೆಳಗಿಂದ ಕಾಯ್ತಿದೀನಿ,” ಎಂದು ಅವಳನ್ನು ಒಳಗೆ ಕರೆದು, ತಾನು ಕಾಫಿಗೆ ಹೋದ. ಕಂಪನಿಯ ಗುಟ್ಟೆಲ್ಲ ತುಂಬಿಕೊಂಡ ಯಂತ್ರಗಳು ಮಿಣುಕುತ್ತಿದ್ದ ಆ ಕೋಣೆಯಲ್ಲಿ ಪಿಸು ಒಬ್ಬಳೇ ನಿಂತಳು. ಮೂಲೆಯಲ್ಲಿ ಭಾವ ಹಾಕಿಸಿದ ಕ್ಯಾಮೆರಾ ಇತ್ತು. ಅದಕ್ಕೆ ಕೈ ಬೀಸಿದಳು. ಕ್ಯಾಮೆರಾ ಮರ್ಯಾದಸ್ಥರ ಹಾಗೆ ಮುಖ ಆಚೆ ತಿರುಗಿಸಿತು.

ಹೀಗೇ ಆದರೆ ಕೆಲಸ ಕೈತಪ್ಪಿದಂತೆಯೇ. ಕೊನೆಗೆ, ಇನ್ನು ನಾಚಿದರೆ ಆಗದು ಎಂದು ಸಾಹೇಬರು ಕೂರುವ ಮೇಲಿನ ಮಹಡಿಗೇ ಹೋಗಿ, ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಹಿರಿಯ ಕಾವಲುಗಾರನ ಎದುರು ನಿಂತಳು. ದಪ್ಪ ಮೀಸೆಯ ಮನುಷ್ಯ.

“ಅಣ್ಣ, ನನ್ನನ್ನ ಹಿಡೀರಿ. ನಾನು ಹೊರಗಿನವಳು.”

ಮೀಸೆಯವನು ಅವಳನ್ನು ಕನಿಕರದಿಂದ ನೋಡಿದ. “ನಾನೂ ಹೊರಗಿನವನೇ ತಾಯಿ. ಈ ಕಟ್ಟಡದಲ್ಲಿ ಒಳಗಿನೋರು ಅಂದ್ರೆ ಆ ಕೋಣೇಲಿ ಕೂತಿರೋ ನಾಕು ಜನ. ಯಾರು ಏನಂದ್ರು?”

“ಯಾರೂ ಏನೂ ಅನ್ಲಿಲ್ಲ. ಅದೇ ತೊಂದರೆ.”

“ಅಂತಾರೆ, ಅಂತಾರೆ. ಮನಸ್ಸಿಗೆ ಹಚ್ಕೋಬಾರ್ದು.” ಅವಳ ಮಾತನ್ನು ಅರ್ಧವೇ ಕೇಳಿಸಿಕೊಂಡ ಅವನು ಎದ್ದು ತನ್ನ ಸ್ಟೂಲಿನಲ್ಲೇ ಅವಳನ್ನು ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟ. “ಹಿಡೀರಿ ಅಂತಾಳೆ ಪಾಪ. ತಿಂಡಿ ತಿಂದಿದೀಯಾ?”

ಅದೇ ಹೊತ್ತಿಗೆ ಭಾವ ಸಾಹೇಬರ ಕೋಣೆಯಿಂದ ಹೊರಗೆ ಬಂದರು. ಒಳಗೆ ಕೂತು ಕೂತು, ‘ಹಿಡಿದೆವು’ ಎಂಬ ಫೋನಿಗೆ ಕಾದು ಕಾದು ಅವರ ಅಂಗಿಯ ಕಾಲರು ಒದ್ದೆಯಾಗಿತ್ತು. ಟಾಯ್ಲೆಟ್ಟಿಗೆ ಹೋಗಿ ಬರುತ್ತೇನೆಂದು ಎದ್ದು ಬಂದರೆ, ಎದುರಿಗೇ ನಾದಿನಿ! ಅದೂ ಕಾವಲುಗಾರನ ಸ್ಟೂಲಿನ ಮೇಲೆ, ಕಾವಲುಗಾರನ ನೀರು ಕುಡಿಯುತ್ತಾ. ಅವರಿಗೆ ತಲೆ ನಿಲ್ಲಲಿಲ್ಲ. ಕರಿ ಬ್ಯಾಗು ತೂಗಾಡಿಸುತ್ತಾ ನುಗ್ಗಿ ಬಂದು ಅವಳ ತೋಳು ಹಿಡಿದೆಳೆದರು.

“ಏಳು. ಕೆಳಗೆ ನಡಿ ಮೊದ್ಲು.”

“ಹೆಣ್ಣುಮಗಳ ಕೈ ಬಿಡಿ,” ಅಂದ ಮೀಸೆಯವನು.

“ಸುಮ್ನಿರಯ್ಯ. ನಾನ್ಯಾರು ಗೊತ್ತಾ?”

“ಗೊತ್ತಿಲ್ಲ. ಕಾರ್ಡ್ ತೋರ್ಸಿ.”

ಕಾರ್ಡು ಇರಲಿಲ್ಲ. ಕಾರ್ಡು ಹಾಕಿಕೊಳ್ಳುವುದು ಕೆಳಗಿನವರ ಕೆಲಸವೆಂದು ಭಾವ ತಿಳಿದಿದ್ದರು. ಅವರ ಕಾರು ಸಾಹೇಬರ ಕಾರಿನ ಹಿಂದೆಯೇ ಒಳಗೆ ಬಂದಿತ್ತು. “ನಾನು ನಿನ್ನ ಮಾಲೀಕ ಕಣೋ,” ಅಂದರು.

ಮಾಲೀಕರನ್ನು ಕಾವಲುಗಾರರು ಯಾರೂ ಕಂಡವರಲ್ಲ. ಸಂಬಳ ತಡವಾದಾಗ ನೆನೆಸಿಕೊಂಡದ್ದುಂಟು, ಅಷ್ಟೆ. “ಹೋದ ತಿಂಗಳು ಒಬ್ಬ ಹಿಂಗೇ ಅಂದಿದ್ದ,” ಎಂದು ಮೀಸೆಯವನು ಅವರ ಕೈ ತಿರುಚಿ, ಮೊಣಕಾಲು ಕೊಟ್ಟು, ನೆಲಕ್ಕೆ ಒರಗಿಸಿದ.

ಸದ್ದಿಗೆ ಸಾಹೇಬರು ಓಡಿ ಬಂದರು. ನೋಡಿದರು. ಆಮೇಲೆ ನಿಧಾನವಾಗಿ ಚಪ್ಪಾಳೆ ತಟ್ಟಿದರು.

“ಟಾಯ್ಲೆಟ್ಟಿಗೆ ಅಂದ್ರಿ, ನಾನೂ ನಂಬಿದ್ದೆ. ನೀವೇ ಖುದ್ದಾಗಿ ಕಳ್ಳ ಆಗ್ತೀರಿ ಅಂದ್ಕೊಂಡಿರ್ಲಿಲ್ಲ ಮಾರಾಯ್ರೆ. ಸ್ವಂತ ಮಾಲೀಕನನ್ನೂ ಬಿಡ್ಲಿಲ್ಲ ಅಂದ್ರೆ, ಇದು ಕಾವಲು!”

ಭಾವನ ಕೆನ್ನೆ ನೆಲಕ್ಕೆ ಅಂಟಿತ್ತು. ಒಂದು ಕ್ಷಣ ಅಪಾಯವನ್ನು ತೂಗಿದರು, ಮರುಕ್ಷಣವೇ ನಿರ್ವಹಿಸಿದರು. “ಅಪಾಯ ಯಾವತ್ತೂ... ಒಳಗಿಂದಲೇ ಬರೋದು ಸಾರ್,” ಎಂದು ನೆಲದಿಂದಲೇ ಹೇಳಿದರು.

ಸಾಹೇಬರು ಪಿಸುವಿನ ಕಡೆ ತಿರುಗಿದರು. “ನೀನು ಕೂಗಲಿಲ್ಲ, ಅಳಲಿಲ್ಲ. ಭೇಷ್. ಯಾವ ಸೆಕ್ಷನ್ನಮ್ಮ?”

ಪಿಸು ಭಾವನನ್ನು ನೋಡಿದಳು. ಭಾವ ನೆಲದ ಹಾಸುಗಲ್ಲು ನೋಡುತ್ತಿದ್ದರು. ಸಿಕ್ಕಿಬಿದ್ದವರು ಅವರು, ತಾನಲ್ಲ. ಕಾಯಂ ಕೆಲಸದ ಆಸೆ ಇಲ್ಲಿಗೆ ಮುಗಿಯಿತು. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು ಎನಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ನಾನು ಹೊರಗಿನವಳು ಸಾರ್. ಇವತ್ತೇ ಬಂದದ್ದು.”

“ಹೊರಗುತ್ತಿಗೆ! ಅದೂ ಮೊದಲ ದಿನ!” ಸಾಹೇಬರಿಗೆ ಮನಸ್ಸು ತುಂಬಿಬಂತು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಸಾಹೇಬರು ಉದಾರರಾಗಲು ಇದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. “ಇಂಥೋರನ್ನ ಹೊರಗೆ ಇಟ್ಕೊಂಡ್ರೆ ನಮಗೇ ನಷ್ಟ. ಕಾಯಂ ಮಾಡ್ಕೊಳ್ಳಿ. ನನ್ನ ಆಫೀಸಿಗೇ ಬರಲಿ.” ಆಗತಾನೇ ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದ ಭಾವನಿಗೆ ಹೇಳಿದರು: “ಹೊಸಬರ ಹಿನ್ನೆಲೆ ವಿಚಾರಿಸೋದು ನಿಮ್ಮ ಕಂಪನಿದೇ ಅಲ್ವಾ? ಇವಳದ್ದು ಇವತ್ತೇ ಮುಗಿಸಿ. ಕರಾರು ನಾಳೆ ಸಹಿ ಮಾಡೋಣ.”

“ಆಗಲಿ ಸಾರ್,” ಅಂದರು ಭಾವ. ಬೇರೆ ಏನನ್ನಲು ಸಾಧ್ಯ? ಇವಳು ಯಾರೆಂದು ಹೇಳಿದರೆ ಕರಾರು ಹೋಗುತ್ತಿತ್ತು, ತನಗೆ ಯಾರೂ ಅಲ್ಲವೆಂದರೆ ಕೆಲಸ ಅವಳದಾಗುತ್ತಿತ್ತು.

ಮನೆಗೆ ಬಂದ ಮೇಲೆ ಭಾವ ಸೋಫಾದಲ್ಲಿ ಭುಜ ನೀವಿಕೊಳ್ಳುತ್ತಾ ಕೂತರು. ಅಕ್ಕ ಬಿಸಿನೀರಿನ ಬಟ್ಟೆ ತಂದು ಒತ್ತಿದಳು. “ಹಿಡಿಸೋಕೆ ಹೋಗಿ ಹಿಡಿಸ್ಕೊಂಡು ಬಂದ್ರಿ. ಈಗ ಏನು ಗೋಳು?”

“ವಿಳಾಸ,” ಅಂದರು ಭಾವ. “ಇವಳ ವಿಳಾಸ ಕೊಡಬೇಕು ಅವರಿಗೆ. ಈ ಮನೆ ವಿಳಾಸ ಕೊಟ್ರೆ ನನ್ನ ಬಂಡವಾಳ ಬಯಲು.”

“ಯಾವುದಾದ್ರೂ ಸುಳ್ಳು ವಿಳಾಸ ಕೊಡಿ.”

“ನಮ್ಮ ಕಂಪನಿಯೋರೇ ಹೋಗಿ ನೋಡ್ತಾರೆ ಕಣೆ. ಸುಳ್ಳು ಹೇಳಿದ್ರೆ ಹಿಡೀತಾರೆ.”

“ಇವತ್ತು ನಿಮ್ಮೋರು ಹಿಡಿಯೋದನ್ನ ನೋಡಿದ್ರಲ್ಲ,” ಅಂದಳು ಅಕ್ಕ. ಬಟ್ಟೆಯನ್ನು ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಒತ್ತಿದಳು.

ಪಿಸು ಆಗಲೇ ಹಳೇ ಸೂಟ್‌ಕೇಸೊಂದನ್ನು ಎಳೆದು ಒರೆಸುತ್ತಿದ್ದಳು. ಬೆಳಕಿರುವಾಗಲೇ ಭಾವ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಾಡಿಗೆ ಕೋಣೆಗಾಗಿ ಊರೆಲ್ಲ ಸುತ್ತಿದರು. ಮೂರು ಬೀದಿಯಾಚೆ, ಹಿತ್ತಲಿಗೆ ಮುಖ ಮಾಡಿದ ಮಹಡಿ ಕೋಣೆಯೊಂದು ಖಾಲಿಯಿತ್ತು. ಮನೆಯೊಡತಿ ಪಿಸುವನ್ನು ಒಂದು ಸಲ ನೋಡಿ ಮೇಲೆ ಹೋಗಲು ಬಿಟ್ಟಳು. ಭಾವನನ್ನು ಮೆಟ್ಟಿಲ ಬುಡದಲ್ಲೇ ತಡೆದಳು.

“ನೀವು ಆ ಹುಡುಗಿಗೆ ಏನಾಗ್ಬೇಕು?”

ಭಾವ ಗಂಟಲು ಸರಿಮಾಡಿಕೊಂಡರು. “ಏನೂ ಆಗ್ಬೇಕಿಲ್ಲ. ಅವರ ಹಿನ್ನೆಲೆ ವಿಚಾರಿಸೋನು ನಾನು.”

“ಹೌದಾ. ಹೇಗೆ, ಒಳ್ಳೇ ಹುಡುಗಿನಾ?”

“ಬಹಳ ಒಳ್ಳೆಯವರು,” ಅಂದರು ಭಾವ. “ಅವರ ಭಾವನೇ ಸ್ವಲ್ಪ ಸರಿಯಿಲ್ಲ ಅಂತ ಕೇಳಿದೀನಿ.”

“ಇಲ್ಲಿಗೆ ಬರದ ಹಾಗೆ ನೋಡ್ಕೊಳ್ಳೋಣ ಬಿಡಿ,” ಎಂದು ಮನೆಯೊಡತಿ ಸೆರಗಿನಿಂದ ಬೀಗದಕೈ ಬಿಚ್ಚಿದಳು.